ಅಂಬಲಿಗೆ ಬೆರೆಸಿದ ಎರಡು ಚಮಚ

ಫ್ರೀಮಾಂಟಿಗೆ ತಾಗಿದ ನೆವಾರ್ಕಿನ ಲೈಬ್ರರಿಯ ಹಿಂದಿನ ಕೋಣೆಯಲ್ಲಿ, ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ, ಹನ್ನೆರಡು ಮಕ್ಕಳ ಕೈಗೆ ಒಂದೊಂದು ಕೆಂಪು ಪೆನ್ನು ಕೊಡುವುದು ನನ್ನ ಮೊದಲ ಕೆಲಸವಾಗಿತ್ತು. ಎಲ್ಲರೂ ಹೈಸ್ಕೂಲಿನವರು. ತಾವು ದಿನಾ ತಿನ್ನುವ ಯಾವುದಾದರೂ ತಿಂಡಿಯ ಖಾಲಿ ಪೊಟ್ಟಣವನ್ನು ಮನೆಯಿಂದ ತರಬೇಕೆಂದು ಮೊದಲೇ ಹೇಳಿರುತ್ತಿದ್ದೆ. ಪೊಟ್ಟಣದ ಮುಂಭಾಗ ನೋಡುವಂತಿಲ್ಲ. ಮುಂಭಾಗ ಬರೆಯುವುದು ಮಾರುವವರು, ಹಿಂಭಾಗ ಬರೆಸುವುದು ಕಾನೂನು. ಮಗುಚಿ, ಸಣ್ಣಕ್ಷರದಲ್ಲಿರುವ ಪಟ್ಟಿಯನ್ನು ಗಟ್ಟಿಯಾಗಿ ಓದಬೇಕು. ಹೆಚ್ಚು ತೂಕದ್ದು ಮೊದಲು, ಕಡಿಮೆ ತೂಕದ್ದು ಕೊನೆಗೆ. ಓದಲು ನಾಲಿಗೆ ಹೊರಳದ ಹೆಸರು ಸಿಕ್ಕರೆ ಅದರ ಮೇಲೆ ಕೆಂಪು ಗೀಟು.

ನಾನು ಮಕ್ಕಳ ಕ್ಲಿನಿಕ್ಕೊಂದರಲ್ಲಿ ಡಯಟೀಷಿಯನ್. ಕ್ಲಿನಿಕ್ಕು ಊರಿಗಾಗಿ ನಡೆಸುತ್ತಿದ್ದ ಎಂಟು ವಾರಗಳ ತರಗತಿ ಇದು. ಕೆಂಪು ಪೆನ್ನಿನ ಉಪಾಯ ನನ್ನದೇ. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು, ಯಾಕೆ ಸುಳ್ಳು ಹೇಳಲಿ.

ಆ ವಯಸ್ಸಿನವರಿಗೆ ಆಹಾರದ ರಾಸಾಯನಿಕಗಳ ಬಗ್ಗೆ ಏನನಿಸುತ್ತದೆಂದು ಯಾರಾದರೂ ಕೇಳಿದರೆ, ಒಂದು ಕೋಣೆಯಲ್ಲೇ ಹನ್ನೆರಡು ಉತ್ತರ ಸಿಗುತ್ತದೆ ಎನ್ನುತ್ತೇನೆ. ಖಾರದ ಚಿಪ್ಸು ತಿಂದು ಬೆರಳ ತುದಿಯನ್ನೆಲ್ಲ ಕೆಂಪು ಮಾಡಿಕೊಂಡು ಬರುವವನೊಬ್ಬ, ಕೆಟ್ಟದ್ದು ಅಂತ ಗೊತ್ತು ಆಂಟಿ, ಅದಕ್ಕೇ ಚೆನ್ನಾಗಿದೆ ಎನ್ನುತ್ತಿದ್ದ. ಇನ್ನೊಬ್ಬಳು ಫೋನಿನಲ್ಲಿ ಬಾರ್‌ಕೋಡಿನ ಚಿತ್ರ ಹಿಡಿದು, ಅದು ಕೊಟ್ಟ ಅಂಕ ನೋಡದೆ ನೀರನ್ನೂ ಕುಡಿಯುತ್ತಿರಲಿಲ್ಲ. ಹಳದಿ ಬಣ್ಣ ತಿಂದರೆ ಬುದ್ಧಿ ಮಂಕಾಗುತ್ತದೆಂದು ಯಾವುದೋ ವಿಡಿಯೋ ನೋಡಿ ನಂಬಿದ್ದವರು ಮೂವರು. ಮಿಕ್ಕವರಿಗೆ ಹೆದರಿಕೆಯೂ ಇತ್ತು, ಹಸಿವೂ ಇತ್ತು. ಹಸಿವೇ ಗೆಲ್ಲುತ್ತಿತ್ತು. ಅವರನ್ನು ಕಂಡರೆ ನನಗೆ ಚಿಂತೆಯಾಗುತ್ತಿರಲಿಲ್ಲ.

ಹಸಿವು ಸೋತಿದ್ದು ಒಬ್ಬಳಲ್ಲಿ ಮಾತ್ರ. ಹದಿನೈದು ವರ್ಷದ ಕನ್ನಡದ ಹುಡುಗಿ. ಅಪ್ಪ ಅಮ್ಮ ಮಂಡ್ಯದ ಕಡೆಯವರು, ಅವಳು ಹುಟ್ಟಿದ್ದು ಇಲ್ಲೇ. ತಾಯಿ ತರಗತಿಗೆ ಬಿಡಲು ಬಂದ ಮೊದಲ ದಿನವೇ ನನ್ನನ್ನು ಗುರುತಿಸಿ 'ಅಕ್ಕ' ಎಂದು ಕರೆದಿದ್ದಳು, ಕನ್ನಡ ಕೂಟದ ಸಂಕ್ರಾಂತಿ ಊಟದಲ್ಲಿ ಇಬ್ಬರೂ ಒಂದೇ ಸಾಲಿನಲ್ಲಿ ಬಡಿಸಿದ್ದೆವಂತೆ. ಮಗಳು ಮಾತ್ರ ಇಂಗ್ಲಿಷ್ ಬಿಟ್ಟು ಮಾತಾಡುತ್ತಿರಲಿಲ್ಲ. ನಾವು ಕನ್ನಡದಲ್ಲಿ ಏನಾದರೂ ಕೇಳಿದರೂ ಉತ್ತರ ಇಂಗ್ಲಿಷಿನಲ್ಲೇ ಬರುತ್ತಿತ್ತು. ಉಳಿದವರು ಕವರನ್ನು ಕಸದ ಬುಟ್ಟಿಗೆ ಎಸೆದು ಹೋದರೆ, ಅವಳು ನೋಟ್‌ಬುಕ್ಕಿಗೆ ಅಂಟಿಸಿಕೊಂಡು ಪಕ್ಕದಲ್ಲಿ ಮೂರು ಕಾಲಂ ಎಳೆದು ಹೆಸರು, ಕೆಲಸ, ಅಪಾಯ ಎಂದು ಬರೆಯುತ್ತಿದ್ದಳು. ಅಂಥ ಅಂದದ ನೋಟ್‌ಬುಕ್ಕನ್ನು ನಾನು ನೋಡಿರಲಿಲ್ಲ. ಅದನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದೆ. ಅವಳ ಮುಖ ಅರಳಿದ್ದು ಇವತ್ತಿಗೂ ಕಣ್ಣ ಮುಂದಿದೆ.

ಓದಲಾಗದ ಹೆಸರೆಲ್ಲ ಕೆಟ್ಟದ್ದು ಎನ್ನುವ ಮಾತು ಸರಿಯಲ್ಲವೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಟೋಕೋಫೆರಾಲ್ ಎಂದರೆ ಇ ವಿಟಮಿನ್. ಆಸ್ಕಾರ್ಬಿಕ್ ಆಮ್ಲವೆಂದರೆ ನಿಂಬೆಹಣ್ಣಿನಲ್ಲಿರುವ ಸಿ ವಿಟಮಿನ್. ಅವಕ್ಕೂ ಕೆಂಪು ಗೀಟು ಬೀಳುತ್ತಿದ್ದುದನ್ನು ಕಂಡೂ ಸುಮ್ಮನಿದ್ದೆ. ಮಕ್ಕಳು ಸೋಡಾ ಬಿಟ್ಟರು ಎಂದು ತಂದೆ ತಾಯಂದಿರು ಹೊಗಳುತ್ತಿದ್ದರು. ಮೊದಲು ಹೆದರಿಸಿ, ಆಮೇಲೆ ಬಿಡಿಸಿ ಹೇಳೋಣವೆಂದು ಆರನೇ ವಾರಕ್ಕೆ ತಿದ್ದುಪಡಿ ಇಟ್ಟುಕೊಂಡಿದ್ದೆ.

ಆರನೇ ವಾರ ಒಂದು ಟೊಮೇಟೊ ತೆಗೆದುಕೊಂಡು ಹೋದೆ. ಅದರಲ್ಲಿ ಸಹಜವಾಗಿ ಇರುವ ವಸ್ತುಗಳ ರಾಸಾಯನಿಕ ಹೆಸರುಗಳನ್ನು ಬೋರ್ಡಿನ ಮೇಲೆ ಬರೆದೆ. ಲೈಕೋಪೀನ್, ಸಿಟ್ರಿಕ್ ಆಮ್ಲ, ಗ್ಲುಟಾಮಿಕ್ ಆಮ್ಲ, ಹೀಗೆ ಬೋರ್ಡು ತುಂಬಿತು. ಇದನ್ನು ತಿನ್ನುವವರು ಯಾರು ಎಂದು ಕೇಳಿದೆ. ಯಾರೂ ಕೈ ಎತ್ತಲಿಲ್ಲ. ಆಮೇಲೆ ಚೀಲದಿಂದ ಟೊಮೇಟೊ ತೆಗೆದು ಕಚ್ಚಿದೆ. ಮಕ್ಕಳು ಮೇಜು ಬಡಿದು ನಕ್ಕರು. ಹೆಸರು ಉದ್ದವಿದ್ದ ಮಾತ್ರಕ್ಕೆ ವಿಷವಲ್ಲ, ಎಷ್ಟು ತಿನ್ನುತ್ತೇವೆ ಎನ್ನುವುದೂ ಮುಖ್ಯ ಎಂದು ವಿವರಿಸಿದೆ. ಪಾಠ ಚೆನ್ನಾಗಿ ಆಯಿತೆಂದುಕೊಂಡೆ. ಹುಡುಗಿ ನಗದೆ ಬೋರ್ಡಿನಲ್ಲಿದ್ದುದನ್ನೆಲ್ಲ ಇಳಿಸಿಕೊಳ್ಳುತ್ತಿದ್ದಳು.

ಮೂರು ದಿನದ ಮೇಲೆ ತಾಯಿಯ ಫೋನು ಬಂತು. ಮಗಳು ಟೊಮೇಟೊ ಬಿಟ್ಟಿದ್ದಾಳೆ ಎಂದಳು. ನನ್ನ ಪಾಠ ತಲೆಕೆಳಗಾಗಿ ಇಳಿದಿತ್ತು. ವಿಚಾರಿಸಿದಾಗ ಒಂದೊಂದೇ ಹೊರಬಂತು. ಬ್ರೆಡ್ಡು, ಚೀಸು, ಸ್ಕೂಲಿನ ಊಟ ಬಿಟ್ಟು ತಿಂಗಳಾಗಿತ್ತು. ಅದು ಒಳ್ಳೆಯದೇ ಎಂದು ಮನೆಯವರು ಖುಷಿಪಟ್ಟಿದ್ದರು. ಆಮೇಲೆ ಅಂಗಡಿಯ ಇಂಗಿನ ಡಬ್ಬಿ ಮಗುಚಿ ಓದಿ, ಅದರಲ್ಲಿ ಗೋಂದೂ ಮೈದಾನೂ ಇದೆಯೆಂದು ಸಾರು ಬಿಟ್ಟಳಂತೆ. ಒಗ್ಗರಣೆ ಬಿದ್ದ ಯಾವುದನ್ನೂ ಮುಟ್ಟುತ್ತಿರಲಿಲ್ಲ. ಈಗ ಟೊಮೇಟೊ.

ಹಾಗಾದರೆ ಏನು ತಿನ್ನುತ್ತಾಳೆ ಎಂದು ಕೇಳಿದೆ.

"ಅಂಬಲಿ ಒಂದೇ ಕಣಕ್ಕ. ನಮ್ಮವ್ವ ಊರಲ್ಲಿ ರಾಗಿ ಮೊಳಕೆ ಕಟ್ಟಿ, ಬೀಸಿಸಿ, ಬರೋರ ಕೈಲಿ ಕಳಿಸ್ತದಲ್ಲ, ಅದು. ಅದಕ್ಕೆ ಲೇಬಲ್ಲಿಲ್ಲ, ಏನೂ ಸೇರ್ಸಿಲ್ಲ ಅಂತಾಳೆ. ಬೆಳಿಗ್ಗೆ ಒಂದು ಲೋಟ, ಸಾಯಂಕಾಲ ಒಂದು ಲೋಟ, ಅಷ್ಟೆ."

ಕ್ಲಿನಿಕ್ಕಿಗೆ ಕರೆದುಕೊಂಡು ಬರಲು ಹೇಳಿದೆ.

ನಮ್ಮಲ್ಲಿ ಇಂಥದ್ದಕ್ಕೆ ಕ್ರಮವಿದೆ. ಮೊದಲು ನರ್ಸು ತೂಕ ನೋಡಿ, ಚಿಕ್ಕಂದಿನಿಂದ ಬಂದ ಬೆಳವಣಿಗೆಯ ಗೆರೆಯ ಮೇಲೆ ಗುರುತು ಹಾಕುತ್ತಾಳೆ. ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ನಾಡಿ, ರಕ್ತದೊತ್ತಡ ನೋಡುತ್ತಾಳೆ. ಆಮೇಲೆ ನಾನು ಕೂತು ಹಿಂದಿನ ದಿನ ಎದ್ದಾಗಿನಿಂದ ಮಲಗುವವರೆಗೆ ಏನೇನು ಬಾಯಿಗೆ ಹೋಯಿತೆಂದು ಬರೆದುಕೊಳ್ಳುತ್ತೇನೆ. ಕೊನೆಗೆ ಒಂದು ಪ್ರಶ್ನಾವಳಿ. ಊಟದ ಭಯ ಎಷ್ಟು, ತಿಂದ ಮೇಲೆ ತಪ್ಪು ಮಾಡಿದಂತೆ ಅನಿಸುತ್ತದೆಯೇ, ಗೆಳತಿಯರ ಜೊತೆ ತಿನ್ನುವುದನ್ನು ಬಿಟ್ಟಿದ್ದೀಯಾ, ಇಂಥವು. ಉತ್ತರಗಳು ಒಂದು ಮಟ್ಟ ದಾಟಿದರೆ ನಾನು ಯೋಚಿಸುವಂತಿಲ್ಲ. ಅದೇ ದಿನ ಚಾರ್ಟಿನಲ್ಲಿ ಬರೆದು, ಊಟದ ಕಾಯಿಲೆಗಳನ್ನು ನೋಡುವ ವಿಶೇಷ ತಂಡಕ್ಕೆ ಕಳಿಸಬೇಕು. ಆ ತಂಡದಲ್ಲಿ ವೈದ್ಯರೂ ಮನಶ್ಶಾಸ್ತ್ರಜ್ಞರೂ ಇರುತ್ತಾರೆ.

ಅವಳ ಉತ್ತರಗಳು ಮಟ್ಟ ದಾಟಿದ್ದವು. ಬೆಳವಣಿಗೆಯ ಗೆರೆ ಕೆಳಗೆ ಬಾಗಿತ್ತು. ನಾಡಿ ಇನ್ನೂ ಪರವಾಗಿಲ್ಲ ಎನ್ನುವಂತಿತ್ತು.

ವಿಷಯವನ್ನು ತಾಯಿಗೆ ಹೇಳಲು ಹೊರಗಿನ ಪಡಸಾಲೆಗೆ ಬಂದೆ. ಗೋಡೆಯ ಪಕ್ಕದ ಕುರ್ಚಿಯಲ್ಲಿ ಹುಡುಗಿ ಇಯರ್‌ಫೋನು ಹಾಕಿಕೊಂಡು, ಕಣ್ಣು ಫೋನಿನ ಮೇಲಿಟ್ಟು ಕೂತಿದ್ದಳು. ವಿಶೇಷ ತಂಡ ಎಂದ ಕೂಡಲೇ ತಾಯಿ ನನ್ನ ಕೈ ಹಿಡಿದುಕೊಂಡಳು.

"ರೆಕಾರ್ಡಲ್ಲಿ ಮಾತ್ರ ಹಾಕ್ಬೇಡಿ ಅಕ್ಕ. ಇರೋದೊಂದು ಮಗು. ತಲೆ ಕೆಟ್ಟಿದೆ ಅಂತ ಬರ್ದುಬುಡ್ತಾರೆ. ನೀವು ನಮ್ಮೋರು ಅಂತ ಕೇಳ್ತಿದೀನಿ."

ಆ ಕ್ಷಣದಲ್ಲಿ ನನ್ನೊಳಗೆ ಏನೇನು ಹಾದುಹೋಯಿತೆಂದು ಆಮೇಲೆ ತುಂಬ ಸಲ ಯೋಚಿಸಿದ್ದೇನೆ. ನಮ್ಮವಳು ಎನ್ನುವ ಮರುಕ ಇತ್ತು, ನಿಜ. ಅದರ ಅಡಿಯಲ್ಲಿ ಇನ್ನೊಂದಿತ್ತು. ಕಾಗದಕ್ಕೆ ಬಿದ್ದರೆ, ಇದು ಎಲ್ಲಿಂದ ಶುರುವಾಯಿತು ಎಂದು ಯಾರಾದರೂ ಕೇಳುತ್ತಾರೆ. ಆಗ ನನ್ನ ಕೆಂಪು ಪೆನ್ನಿನ ತರಗತಿಯ ಹೆಸರು ಬರುತ್ತದೆ. ಅದು ನನಗೆ ಬೇಡವಾಗಿತ್ತು.

ಎರಡು ವಾರ ನೋಡೋಣ ಎಂದೆ. ರುಚಿಯಿಲ್ಲದ ಒಂದು ಪೌಷ್ಟಿಕ ಪುಡಿಯ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟೆ. ಅದರ ಡಬ್ಬಿಯ ಹಿಂಭಾಗದಲ್ಲಿ, ನಾನೇ ಮಕ್ಕಳಿಂದ ಗೀಟು ಎಳೆಸಿದ್ದ ಹೆಸರುಗಳು ಕಡಿಮೆಯೆಂದರೆ ನಾಲ್ಕಿದ್ದವು.

"ಅಂಬಲಿಗೆ ಎರಡು ಚಮಚ ಬೆರೆಸಿಬಿಡಿ," ಎಂದೆ. "ಅದಕ್ಕೆ ಹಾಕೋ ಮಜ್ಜಿಗೆಯ ಹುಳಿಯಲ್ಲಿ ಗೊತ್ತಾಗಲ್ಲ. ಅವಳಿಗೆ ಹೇಳೋಕೆ ಹೋಗ್ಬೇಡಿ."

ಇದನ್ನೆಲ್ಲ ನಾವು ಅವಳಿಂದ ಎರಡು ಮಾರು ದೂರದಲ್ಲಿ, ಕನ್ನಡದಲ್ಲಿ, ದನಿಯನ್ನೂ ತಗ್ಗಿಸದೆ ಮಾತಾಡಿದೆವು. ಇಲ್ಲಿನ ನಮ್ಮ ಮನೆಗಳಲ್ಲಿ ಹಾಗೇ. ಮಕ್ಕಳ ಹುಟ್ಟುಹಬ್ಬದ ಗುಟ್ಟು, ಗಂಡ ಹೆಂಡತಿಯ ಜಗಳ, ಪಕ್ಕದವರ ಸಂಗತಿ ಎಲ್ಲವನ್ನೂ ಕನ್ನಡದ ಮರೆಯಲ್ಲೇ ಮಾತಾಡುತ್ತೇವೆ, ಮಕ್ಕಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾರಲ್ಲ ಎಂಬ ಧೈರ್ಯದಲ್ಲಿ. ಚಾರ್ಟಿನಲ್ಲಿ 'ತಾಯಿಯೊಂದಿಗೆ ಚರ್ಚಿಸಲಾಗಿದೆ, ಎರಡು ವಾರದ ನಂತರ ಮತ್ತೆ ಭೇಟಿ' ಎಂದಷ್ಟೇ ಬರೆದೆ. ಪ್ರಶ್ನಾವಳಿಯನ್ನು ಡ್ರಾಯರಿನೊಳಗೆ ಇಟ್ಟೆ.

ಮರುದಿನದಿಂದ ತಾಯಿ ಖಾಲಿ ಲೋಟದ ಫೋಟೋ ಕಳಿಸತೊಡಗಿದಳು. ಬೆಳಿಗ್ಗೆ ಒಂದು, ಸಂಜೆ ಒಂದು. ಕೆಳಗೆ 'ಕುಡಿದ್ಲು' ಎಂದು ಬರೆದು ಕೈ ಮುಗಿಯುವ ಚಿತ್ರ. ನಾನು ನನ್ನ ಡೈರಿಯಲ್ಲಿ ಟಿಕ್ಕು ಹಾಕುತ್ತಿದ್ದೆ. ಐದನೇ ದಿನದ ಹೊತ್ತಿಗೆ ಸಮಾಧಾನವಾಯಿತು. ತರಗತಿಯ ಕೊನೆಯ ಎರಡು ಶನಿವಾರ ಹುಡುಗಿ ಬರಲಿಲ್ಲ, ಪರೀಕ್ಷೆ ಇರಬೇಕೆಂದುಕೊಂಡೆ. ಒಂದು ವಾರವಾದ ಮೇಲೆ ತಾಯಿ, ಇನ್ನೂ ಸೊರಗಿದ ಹಾಗೆ ಕಾಣುತ್ತಾಳೆ ಎಂದಳು. ಹಾಗಿದ್ದರೆ ಮೂರು ಚಮಚ ಮಾಡಿ ಎಂದೆ. ಎಷ್ಟು ಸಲೀಸಾಗಿ ಹೇಳಿದೆ.

ಎರಡು ವಾರ ಕಳೆದು ಬಂದಾಗ ನರ್ಸು ತೂಕ ನೋಡಿದವಳು ಮತ್ತೊಮ್ಮೆ ನೋಡಿದಳು. ಮಲಗಿಸಿ ನಾಡಿ ಹಿಡಿದಳು. ಎಬ್ಬಿಸಿ ನಿಲ್ಲಿಸಿದಾಗ ಹುಡುಗಿ ಗೋಡೆ ಹಿಡಿದುಕೊಂಡಳು. ನರ್ಸು ವೈದ್ಯರನ್ನು ಕರೆಯಲು ಹೋದಳು. ನನಗೆ ಲೆಕ್ಕ ಹತ್ತಲಿಲ್ಲ. ದಿನಕ್ಕೆ ಎರಡು ಲೋಟ, ಒಂದೊಂದಕ್ಕೂ ಅಷ್ಟು ಪುಡಿ ಹೋಗಿದ್ದರೆ ತೂಕ ಏರದಿದ್ದರೂ ನಿಲ್ಲಬೇಕಿತ್ತು. ತಾಯಿ ಮರೆತಿರಬೇಕು ಎಂದು, ನನ್ನ ತಪ್ಪು ನನಗೆ ಕಾಣುವ ಮೊದಲೇ ಅವಳ ಮೇಲೆ ಸಿಟ್ಟು ಬಂತು.

ತಾಯಿಯನ್ನು ಪಕ್ಕಕ್ಕೆ ಕರೆದು, ದಿನವೂ ಹಾಕಿದಿರಾ ಎಂದು ಕೇಳಿದೆ. ಒಂದು ದಿನವೂ ತಪ್ಪಿಸಿಲ್ಲ ಎಂದಳು. ಆಮೇಲೆ ಅಳುತ್ತಾ, ನಡುವೆ ನಿಲ್ಲಿಸುತ್ತಾ, ಇನ್ನೊಂದು ಸಂಗತಿ ಹೇಳಿದಳು. ಅವರ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಒಂದು ಕರಿಬೇವಿನ ಗಿಡವಿದೆ. ಚಳಿಗೆ ಸಾಯದಂತೆ ಬಟ್ಟೆ ಸುತ್ತಿ ಆರು ವರ್ಷ ಸಾಕಿದ ಗಿಡ. ಆ ದಿನ ಬೆಳಿಗ್ಗೆ ಎಲೆ ಕೀಳಲು ಹೋದರೆ ಕುಂಡದ ಸುತ್ತ ಇರುವೆ, ಹುಳಿ ವಾಸನೆ. ಮಣ್ಣಿನ ಮೇಲೆ ಕಂದು ಬಣ್ಣದ ಪದರ ಒಣಗಿ ಬಿರುಕು ಬಿಟ್ಟಿತ್ತು. ಬೆರಳಲ್ಲಿ ಕೆದಕಿ ನೋಡಿದಳಂತೆ. ರಾಗಿ.

ಅಂದರೆ ಎರಡು ವಾರ ಅವಳ ಹೊಟ್ಟೆಗೆ ಹೆಚ್ಚುಕಡಿಮೆ ನೀರಷ್ಟೇ ಹೋಗಿತ್ತು. ನಾನು ಟಿಕ್ಕು ಹಾಕಿದ ಒಂದೊಂದು ಲೋಟವೂ ಆ ಕುಂಡಕ್ಕೆ ಹೋಗಿತ್ತು.

ಅವಳನ್ನು ಅಲ್ಲಿಂದಲೇ ಆಸ್ಪತ್ರೆಗೆ ಕರೆದುಕೊಂಡು ಹೋದರು. ಹೃದಯದ ಬಡಿತ ತೀರಾ ನಿಧಾನವಾಗಿತ್ತು, ಮಾನಿಟರಿಗೆ ಹಾಕಿ ಕೆಲವು ದಿನ ಇರಿಸಿಕೊಳ್ಳಬೇಕಿತ್ತು. ಅವರು ಹೋದ ಮೇಲೆ ನಾನು ನನ್ನ ಕೋಣೆಯ ಬಾಗಿಲು ಹಾಕಿಕೊಂಡು ಕೂತೆ. ಎದುರಿಗೆ ಕಂಪ್ಯೂಟರಿನಲ್ಲಿ ಅವಳ ಚಾರ್ಟು ತೆರೆದಿತ್ತು. ಹಳೆಯ ಸಾಲು ಹಾಗೇ ಇತ್ತು. ಮನೆಯಲ್ಲಿ ಊಟ ಮಾಡಿಸುವ ಪ್ರಯತ್ನ ಫಲ ಕೊಡಲಿಲ್ಲ ಎಂದು ಒಂದು ವಾಕ್ಯ ಸೇರಿಸಿದರೆ ಯಾರೂ ಕೇಳುತ್ತಿರಲಿಲ್ಲ. ತಾಯಿ ಬಾಯಿ ಬಿಡುವವಳಲ್ಲ, ಅವಳೇ ಬೇಡಿಕೊಂಡವಳು.

ಡ್ರಾಯರಿನಿಂದ ಪ್ರಶ್ನಾವಳಿ ತೆಗೆದೆ. ಹುಡುಗಿಯ ದುಂಡನೆಯ ಅಕ್ಷರ. ಪ್ರತಿ ಪ್ರಶ್ನೆಗೂ ಪ್ರಾಮಾಣಿಕವಾಗಿ ಉತ್ತರ ಬರೆದಿದ್ದಳು. ಭಯವಾಗುತ್ತದೆಯೇ ಎಂದು ಕೇಳಿದಲ್ಲಿ ಯಾವಾಗಲೂ ಎಂಬುದಕ್ಕೆ ಸುತ್ತು ಹಾಕಿದ್ದಳು. ಅವಳು ಸಹಾಯ ಕೇಳಿದ್ದಳು, ನಾನು ಅದನ್ನು ಡ್ರಾಯರಿಗೆ ಹಾಕಿದ್ದೆ. ನಾನು ಅತ್ತೆ.

ಆಮೇಲೆ ಎಲ್ಲವನ್ನೂ ಬರೆದೆ. ಪ್ರಶ್ನಾವಳಿ ಮಟ್ಟ ದಾಟಿದ್ದು, ನಾನು ಕಳಿಸದೆ ಇದ್ದದ್ದು, ಪುಡಿಯ ಹೆಸರು, ಎಷ್ಟು ಚಮಚ, ಹುಡುಗಿಗೆ ತಿಳಿಸದಂತೆ ತಾಯಿಗೆ ಹೇಳಿದವಳು ನಾನು ಎಂಬುದು. ಪ್ರಶ್ನಾವಳಿಯನ್ನು ಸ್ಕ್ಯಾನ್ ಮಾಡಿ ಸೇರಿಸಿ, ತಡವಾಗಿ ದಾಖಲಿಸಿದ್ದು ಎಂದು ಬರೆದ ದಿನದ ತಾರೀಕನ್ನೇ ಹಾಕಿದೆ. ಆಸ್ಪತ್ರೆಯ ತಂಡಕ್ಕೆ ಫೋನು ಮಾಡಿ ಹೇಳಿದೆ. ನಮ್ಮ ಮುಖ್ಯ ವೈದ್ಯೆಯ ಕೋಣೆಗೆ ಹೋಗಿ ನಿಂತೇ ಹೇಳಿದೆ. ಅವರು ಪೂರ್ತಿ ಓದಿ, ಬೇರೆ ಯಾರದಾದರೂ ಮಗುವಾಗಿದ್ದರೆ ಹೀಗೆ ಮಾಡುತ್ತಿದ್ದೆಯಾ ಎಂದು ಕೇಳಿದರು. ಇಲ್ಲ ಎಂದೆ. ಮುಂದಿನ ಸುತ್ತಿನ ತರಗತಿ ನಿಂತಿತು. ವಿಚಾರಣೆ ಮುಗಿಯುವ ತನಕ ನಾನು ಮಕ್ಕಳನ್ನು ಒಬ್ಬಳೇ ನೋಡುವಂತಿರಲಿಲ್ಲ. ಅದು ಸರಿಯಾಗಿಯೇ ಇತ್ತು.

ನಾಲ್ಕನೇ ದಿನ, ತಂಡದವರನ್ನು ಕೇಳಿ, ಅವರು ಒಪ್ಪಿದ ಮೇಲೆ ಆಸ್ಪತ್ರೆಗೆ ಹೋದೆ. ಹುಡುಗಿಯೇ ನನ್ನನ್ನು ನೋಡಬಹುದು ಎಂದಿದ್ದಳಂತೆ. ತಾಯಿ ಕಿಟಕಿಯ ಬಳಿ ಕೂತಿದ್ದಳು. ನಾನು ಇಂಗ್ಲಿಷಿನಲ್ಲಿ ಶುರು ಮಾಡಿದೆ. ಪುಡಿ ಬೆರೆಸಲು ಹೇಳಿದ್ದು ನಾನು, ನಿನ್ನಮ್ಮನ ತಪ್ಪಿಲ್ಲ, ತರಗತಿಯಲ್ಲಿ ಕಲಿಸಿದ್ದರಲ್ಲೂ ಅರ್ಧ ತಪ್ಪಿತ್ತು, ಅದು ನನಗೆ ಆಗಲೇ ಗೊತ್ತಿತ್ತು ಎಂದೆ. ಅವಳು ಕೊನೆಯವರೆಗೂ ಕೇಳಿಸಿಕೊಂಡಳು. ಮಣಿಕಟ್ಟಿನ ಪಟ್ಟಿಯನ್ನು ತಿರುಗಿಸುತ್ತಿದ್ದಳು. ಆಮೇಲೆ ಕನ್ನಡದಲ್ಲಿ, ಒಂದೊಂದೇ ಪದ ಹುಡುಕಿ ಜೋಡಿಸುತ್ತಾ ಮಾತಾಡಿದಳು. ಅವಳ ಬಾಯಲ್ಲಿ ನಾನು ಕೇಳಿದ ಮೊದಲ ಕನ್ನಡ ಅದು.

"ನಂಗೆ ಗೊತ್ತಿತ್ತು ಆಂಟಿ. ಅವತ್ತು ಸಾಂಗ್ ಇರ್ಲಿಲ್ಲ ಕಿವೀಲಿ. ನೀವು ಹೇಳಿದ್ದು ಎಲ್ಲಾ ಅರ್ಥ ಆಯ್ತು."

ಕಿಟಕಿಯ ಬಳಿ ತಾಯಿ ಎದ್ದು ನಿಂತಳು.

"ಅಂಬಲಿ ಮಾತ್ರ ಭಯ ಇರ್ಲಿಲ್ಲ ನಂಗೆ," ಎಂದಳು ಹುಡುಗಿ. "ಅಮ್ಮ ಕೊಡೋವಾಗ ಡೈಲಿ ಕೇಳ್ತಿದ್ದೆ, ಏನಾದ್ರೂ ಹಾಕಿದೀಯಾ ಅಂತ. ಇಲ್ಲ ಅಂತಿದ್ಲು."

ಕ್ಷಮಿಸು ಎಂದೆ. ಅವಳು ತಲೆಯಾಡಿಸಿದಳು. ಅದು ಕ್ಷಮಿಸಿದೆ ಎಂದೋ, ಕೇಳಿಸಿತು ಎಂದೋ ತಿಳಿಯದೆ ಹೊರಗೆ ಬಂದೆ. ಪಾರ್ಕಿಂಗ್ ಜಾಗದಲ್ಲಿ ತುಂಬ ಹೊತ್ತು ಕಾರು ಸ್ಟಾರ್ಟ್ ಮಾಡಲಾಗಲಿಲ್ಲ. ಅವಳು ನಂಬಿ ಕುಡಿಯುತ್ತಿದ್ದ ಕೊನೆಯ ಒಂದು ಲೋಟವನ್ನೂ ನಾನು ಕೆಡಿಸಿದ್ದೆ.

ವಿಚಾರಣೆ ಮುಗಿದು ಕೆಲಸ ಉಳಿಯಿತು. ಕೆಲವು ತಿಂಗಳು ಇನ್ನೊಬ್ಬರ ಕೈಕೆಳಗೆ ಮಾಡಿದೆ. ಈಗ ತರಗತಿ ಬೇರೊಬ್ಬರದು, ಅಲ್ಲಿ ಕೆಂಪು ಪೆನ್ನಿಲ್ಲ. ಹುಡುಗಿಯ ಬಗ್ಗೆ ಕೇಳುವ ಹಕ್ಕು ನನಗೆ ಉಳಿದಿರಲಿಲ್ಲ, ಕೇಳಲೂ ಇಲ್ಲ.

ಹೋದ ತಿಂಗಳು ಫ್ರೀಮಾಂಟಿನ ಇಂಡಿಯನ್ ಗ್ರೋಸರಿಯಲ್ಲಿ ತಾಯಿ ಎದುರಾದಳು. ಮುಖ ತಿರುಗಿಸಿ ಹೋಗುತ್ತಾಳೆ ಎಂದುಕೊಂಡೆ. ಹೋಗಿದ್ದರೆ ಹಗುರಾಗುತ್ತಿತ್ತು. ಅವಳು ಗಾಡಿ ನಿಲ್ಲಿಸಿ, ಚೆನ್ನಾಗಿದೀರಾ ಅಕ್ಕ ಎಂದಳು. ಮಗಳು ಸ್ಕೂಲಿಗೆ ಹೋಗುತ್ತಿದ್ದಾಳಂತೆ. ತೂಕ ನಿಧಾನವಾಗಿ ಬರುತ್ತಿದೆ. ಅನ್ನ, ಮೊಸರು, ಬೇಯಿಸಿದ ತರಕಾರಿ ತಿನ್ನುತ್ತಾಳೆ, ಎಲ್ಲವನ್ನೂ ತಾನೇ ಬೇಯಿಸಿಕೊಳ್ಳುತ್ತಾಳೆ. ಅದರ ಜೊತೆಗೆ ಆಸ್ಪತ್ರೆಯವರು ಬರೆದುಕೊಟ್ಟ ಡಬ್ಬಿಯ ಪಾನೀಯ, ದಿನಕ್ಕೆ ಎರಡು. ಅದು ಯಾವುದೆಂದು ನನಗೆ ಗೊತ್ತು. ಅದರ ಹಿಂಭಾಗದ ಪಟ್ಟಿ ಮಕ್ಕಳು ತರಗತಿಗೆ ತಂದ ಯಾವ ಪೊಟ್ಟಣಕ್ಕಿಂತಲೂ ಉದ್ದವಿದೆ.

ಅದನ್ನು ಹೆದರದೆ ಕುಡಿಯುತ್ತಾಳೆಯೇ ಎಂದು ಕೇಳಿದೆ.

"ಕುಡೀತಾಳೆ. ಇರೋದನ್ನೆಲ್ಲ ಬರ್ದವ್ರಲ್ಲ, ಅದಕ್ಕೆ ಅಂತಾಳೆ." ತಾಯಿ ಗಾಡಿಯಲ್ಲಿದ್ದ ಕೊತ್ತಂಬರಿ ಕಟ್ಟನ್ನು ಸರಿಮಾಡಿ ಇಟ್ಟಳು. "ನಾನ್ ಕೊಟ್ಟಿದ್ದು ಕುಡಿಯಲ್ಲ."

ಊರಿಂದ ರಾಗಿ ಹಿಟ್ಟು ಬರುವುದು ನಿಂತಿತೇ ಎಂದು, ಕೇಳಬಾರದ್ದನ್ನು ಕೇಳಿದೆ.

"ಬರ್ತದೆ. ನಮ್ಮವ್ವಂಗೆ ಹೇಳಿಲ್ಲ." ಹಿಂದಿನವರಿಗೆ ದಾರಿ ಬಿಡಲು ಗಾಡಿಯನ್ನು ಪಕ್ಕಕ್ಕೆ ಸರಿಸಿದಳು. "ದಿನಾ ಬೆಳಿಗ್ಗೆ ಅವ್ಳ ಕಣ್ಣೆದುರಿಗೇ ಕಾಯಿಸ್ತೀನಿ ಅಕ್ಕ. ಹಿಟ್ಟು, ನೀರು, ಉಪ್ಪು, ಮಜ್ಜಿಗೆ, ಒಂದೊಂದೂ ತೋರ್ಸಿ ಹಾಕ್ತೀನಿ. ಲೋಟಕ್ಕೆ ಬಗ್ಗಿಸಿ ಅವ್ಳ ಮುಂದೆ ಇಡ್ತೀನಿ. ಬಸ್ಸಿನ ಟೈಮ್ ಆಗೋವರ್ಗೂ ನೋಡ್ತಾ ಕೂತಿರ್ತಾಳೆ, ಮುಟ್ಟಲ್ಲ. ಅವ್ಳು ಹೋದ್ಮೇಲೆ ನಾನೇ ಕುಡೀತೀನಿ."